ರಾಮನ್ ಹೊಡೆದ ಗೋಲು

ಕುರುಡುಮಲೆಯ ಕೆರೆಯಂಗಳದಲ್ಲಿ ಬರಿಗಾಲಲ್ಲೇ ಚೆಂಡು ಒದ್ದು ಬೆಳೆದವನು ನಾನು. ಬಿಇ ಮೊದಲ ವರ್ಷ ಕಾಲೇಜು ತಂಡದ ಆಯ್ಕೆಗೆ ಹೋದರೆ, ಬೂಟಿಲ್ಲವೆಂದು ಹೊರಗೆ ನಿಲ್ಲಿಸಿದರು. ಆ ರಾತ್ರಿ ಊಟ ಸೇರಲಿಲ್ಲ.

ಸಾರಂಗಪಾಣಿ ರಾಮನ್ ಬಗ್ಗೆ ಓದಿದ್ದು ಆಮೇಲೆ. ಬೆಂಗಳೂರಿನ ಆಟಗಾರ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ವರ್ಷ ತುಂಬಿರಲಿಲ್ಲ. ಎದುರಿಗೆ ಫ್ರಾನ್ಸ್, ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಒಂದು ಗೋಲಿನಿಂದ ಹಿಂದಿದ್ದಾಗ, 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು! ಎರಡು ಪೆನಾಲ್ಟಿ ಕೈತಪ್ಪಿ (ಕಾಲುತಪ್ಪಿ ಅನ್ನಬೇಕೇನೋ) 2–1ರಿಂದ ಸೋತೆವು.

ಡೇರಿ ಬಟವಾಡೆಯ ದುಡ್ಡಲ್ಲಿ ಅಪ್ಪ ಈಗ ಬೂಟು ಕೊಡಿಸಿದ್ದಾರೆ. ಮುಂದಿನ ವಾರ ಮತ್ತೆ ಆಯ್ಕೆ. ಬೂಟಿನೊಳಗೆ ಬೆರಳುಗಳು ಇನ್ನೂ ಚೆಂಡನ್ನು ಹುಡುಕುತ್ತಿವೆ.