ತಬ್ಬಲಿ ಮಕ್ಕಳೂ ಬಂಧುಗಳ ಮನೆಯೂ

ತಾಯಿತಂದೆಗಳನ್ನು ಕಳೆದುಕೊಂಡ ಮಗುವನ್ನು ಅಜ್ಜಿಯೋ ಸೋದರಮಾವನೋ ದೊಡ್ಡಮ್ಮನೋ ಮನೆಗೆ ಕರೆತಂದು ಸಾಕುವುದು ನಮ್ಮಲ್ಲಿ ಹೊಸತಲ್ಲ. ಅದನ್ನು ಯಾರೂ ಉಪಕಾರವೆಂದೆಣಿಸರು. ಆದರೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸಕ್ಕೆ ಹೋಗಿ ದಿನಗೂಲಿ ತರುವ ಮುದುಕಿಯ ಮೇಲೆ ಇಬ್ಬರು ಮೊಮ್ಮಕ್ಕಳ ಅನ್ನ, ಬಟ್ಟೆ, ಪುಸ್ತಕಗಳ ಭಾರವು ಬಿದ್ದಾಗ, ಮಮತೆಯೊಂದರಿಂದಲೇ ಒಲೆ ಉರಿಯುವುದೆ?

ಸರ್ಕಾರದವರಿಗೂ ಈ ಮಾತು ಹೊಳೆಯದೆ ಇಲ್ಲ. 2015ನೆಯ ಇಸವಿಯ ಬಾಲನ್ಯಾಯ ಕಾಯಿದೆಯಲ್ಲಿ ‘ಪ್ರಾಯೋಜಕತ್ವ’ವೆಂಬ ಏರ್ಪಾಡುಂಟು. ಹೆಸರು ಗಡುಸಾದರೂ ಅರ್ಥ ಸುಲಭ: ಮಗುವನ್ನು ಅನಾಥಾಲಯಕ್ಕೆ ಕಳುಹಿಸದೆ ತನ್ನವರ ನಡುವೆಯೇ ಬೆಳೆಯಗೊಟ್ಟು, ಆ ಮನೆಗೆ ಹಣದ ನೆರವು ಕೊಡುವುದು. 2022ರಲ್ಲಿ ಹೊರಟ ಮಿಷನ್ ವಾತ್ಸಲ್ಯದ ನಿಯಮಗಳಂತೆ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ. ಬಂಧುಗಳ ಮನೆಯಲ್ಲಿರುವ ತಬ್ಬಲಿಗಳಲ್ಲದೆ ವಿಧವೆಯರ ಮಕ್ಕಳೂ ಮಾರಕ ರೋಗಪೀಡಿತರ ಮಕ್ಕಳೂ ಇದರಲ್ಲಿ ಸೇರುವರು. ಅದಕ್ಕೆ ಮೊದಲೇ, 2021ರ ಕೋವಿಡ್ ಹಾವಳಿಯಲ್ಲಿ ತಬ್ಬಲಿಗಳಾದವರಿಗಾಗಿ ಕರ್ನಾಟಕ ಸರ್ಕಾರವು ಬಾಲಸೇವಾ ಯೋಜನೆಯನ್ನು ಸಾರಿ, ಸಾಕುವವರಿಗೆ ತಿಂಗಳಿಗೆ 3,500 ರೂಪಾಯಿಗಳನ್ನು ಗೊತ್ತುಮಾಡಿತ್ತು.

ವಾತ್ಸಲ್ಯಕ್ಕೂ ಒಂದು ಗೆರೆಯನ್ನೆಳೆದಿರುವರು. ಕುಟುಂಬದ ವರ್ಷದ ಆದಾಯವು ಹಳ್ಳಿಯಲ್ಲಿ 72,000, ಇತರ ಕಡೆ 96,000 ರೂಪಾಯಿಗಳನ್ನು ಮೀರಕೂಡದು. ಹಳ್ಳಿಯ ಲೆಕ್ಕ ತಿಂಗಳಿಗೆ 6,000 ಆಯಿತು. ಗೌರಿಬಿದನೂರಿನ ಸೀಮೆಯಲ್ಲಿ ಚಿಕ್ಕಪ್ಪನೊಬ್ಬನು 7,000 ಸಂಪಾದಿಸಿ, ತನ್ನ ಮೂವರು ಮಕ್ಕಳೊಡನೆ ಸತ್ತ ಅಣ್ಣನ ಇಬ್ಬರನ್ನೂ ಸಾಕುತ್ತಿರುವನೆಂದಿಟ್ಟುಕೊಳ್ಳಿರಿ. ಆತನು ಗೆರೆಯ ಆಚೆಗೆ ನಿಂತನು! ಉಣ್ಣುವ ಬಾಯಿಗಳನ್ನೆಣಿಸದೆ ದುಡ್ಡನ್ನು ಮಾತ್ರ ಎಣಿಸುವ ಈ ಗಣಿತವು ನಮಗೆ ಸರಿದೋರದು.

ಇನ್ನು ಕಾಗದಪತ್ರಗಳ ತೊಡಕು. ಮರಣಪತ್ರದಲ್ಲಿ ತಂದೆಯ ಹೆಸರು ಒಂದು ಬಗೆ, ಶಾಲೆಯ ಪುಸ್ತಕದಲ್ಲಿ ಮತ್ತೊಂದು ಬಗೆ ಇದ್ದರೆ, ಓದು ಬಾರದ ಅಜ್ಜಿ ಯಾರ ಬಾಗಿಲಿಗೆ ಹೋಗಬೇಕು? ಅರ್ಜಿಯನ್ನು ವಿಚಾರಿಸುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಚಿಕ್ಕಬಳ್ಳಾಪುರದಲ್ಲಿರುವುದು. ಚಿಂತಾಮಣಿಯ ಕಡೆಯಿಂದ ಹೋಗಿಬರುವುದೆಂದರೆ ಬಸ್ಸಿನ ಖರ್ಚಿನ ಮೇಲೆ ಒಂದು ದಿನದ ಕೂಲಿಯೂ ಹೋಯಿತು. “ಮತ್ತೊಂದು ಕಾಗದ ತನ್ನಿ” ಎಂದರೆ ಎರಡನೆಯ ದಿನದ್ದೂ ಹೋಯಿತು. ಹೀಗೆ ಬೇಸತ್ತು ಕೈಬಿಡುವವರ ಪಾಲಿಗೆ ಕಾಯಿದೆ ಇದ್ದೂ ಇಲ್ಲದಂತೆಯೇ ಸರಿ. ನೆರೆಯಲ್ಲಿ ಇಂಥ ಮನೆಯಿದ್ದರೆ, ಅಕ್ಷರ ಬಲ್ಲ ಗೃಹಸ್ಥರು ಒಂದು ಸಂಜೆ ಕುಳಿತು ಆ ಕಾಗದಗಳನ್ನೆಲ್ಲ ನೋಡಿ ಅರ್ಜಿಯನ್ನು ಬರೆದುಕೊಡಲಾಗದೆ? ಬಸ್ಸು ಹತ್ತುವ ಮೊದಲು ಮಕ್ಕಳ ಸಹಾಯವಾಣಿಯ 1098ಕ್ಕೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ಅದಕ್ಕೆ ಕಾಸು ತಗಲುವುದಿಲ್ಲ.