ಆಂಗ್ಲರ ಮನೆ, ನಮ್ಮ ಬೇಸಿಗೆ

2022ನೆಯ ಇಸವಿ ಜುಲೈ 19ರಂದು ಇಂಗ್ಲೆಂಡಿನ ಕಾನಿಂಗ್ಸ್‌ಬಿ ಎಂಬಲ್ಲಿ ಉಷ್ಣಮಾನವು 40.3 ಸೆಂಟಿಗ್ರೇಡಿಗೆ ಏರಿತು. ಆ ದೇಶದಲ್ಲಿ ಅಷ್ಟು ಸೆಕೆ ಹಿಂದೆಂದೂ ದಾಖಲೆಯಾಗಿರಲಿಲ್ಲ. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದರೆ ನಮ್ಮ ಹೈದರಾಬಾದಿನ ಮಕ್ಕಳು ನಗುವರು. ಮೇ ತಿಂಗಳಲ್ಲಿ ಅಷ್ಟು ಬಿಸಿಲು ನಮಗೆ ಹೊಸದಲ್ಲ. 1966ರ ಜೂನ್ 2ರಂದು ಇಲ್ಲಿ ಪಾದರಸವು 45.5ರವರೆಗೂ ಹೋದದ್ದುಂಟು. ಆದರೆ ಈ ನಗೆಗೆ ಎಡೆಯಿಲ್ಲ. 2022ರ ಬೇಸಿಗೆಯ ಧಗೆಯ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ವಾಡಿಕೆಗಿಂತ 2,900ಕ್ಕೂ ಹೆಚ್ಚು ಸಾವುಗಳು ಸಂಭವಿಸಿದುವೆಂದು ಅಲ್ಲಿಯ ಆರೋಗ್ಯ ಸಂಸ್ಥೆಯೇ ಲೆಕ್ಕ ಹಾಕಿದೆ. ಅವರಲ್ಲಿ ಹೆಚ್ಚಿನವರು ವೃದ್ಧರು.

ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಅವರ ಮನೆ. ಶೀತದೇಶದ ಮನೆಯನ್ನು ಕಟ್ಟುವುದೇ ಶಾಖವನ್ನು ಒಳಗೆ ಹಿಡಿದಿಡುವುದಕ್ಕಾಗಿ. ತಗ್ಗಾದ ಚಾವಣಿ, ನೆಲಕ್ಕೆ ಜಮಖಾನೆ, ಎಳೆಬಿಸಿಲಿಗಾಗಿ ಹಂಬಲಿಸುವ ಗಾಜಿನ ಕಿಟಕಿ. ಸೂರ್ಯನ ಬೆಳಕು ಗಾಜನ್ನು ಸುಲಭವಾಗಿ ದಾಟಿ ಒಳಗಿನ ನೆಲವನ್ನೂ ಗೋಡೆಯನ್ನೂ ಕಾಯಿಸುತ್ತದೆ. ಆ ಕಾವು ಮತ್ತೆ ಗಾಜನ್ನು ದಾಟಿ ಹೊರಹೋಗಲಾರದು. ಅಲ್ಲಿ ಚಾವಣಿಯ ಪಂಖ ಅಪರೂಪ, ತಂಪು ಯಂತ್ರವಂತೂ ಇನ್ನೂ ಅಪರೂಪ. ಆದುದರಿಂದ ಹಗಲು ಪರದೆ ಎಳೆದು, ರಾತ್ರಿ ಕಿಟಕಿ ತೆರೆದು, ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕೂಡುವುದೇ ಅವರ ಉಪಾಯ. ಮಳೆ ಇಲ್ಲದಿದ್ದರೆ ತೋಟಕ್ಕೆ ಕೊಳವೆಯಿಂದ ನೀರು ಬಿಡಬಾರದೆಂಬ ಆಜ್ಞೆಯೂ ಹೊರಡುವುದು. 1976ರ ಅನಾವೃಷ್ಟಿಯಲ್ಲಿ ಡೆನಿಸ್ ಹಾವೆಲ್ ಎಂಬವರನ್ನು ಬರದ ಮಂತ್ರಿಯನ್ನಾಗಿಯೇ ನೇಮಿಸಿದ್ದರು. ಕೆಲವೇ ದಿನಗಳಲ್ಲಿ ಮಳೆ ಬಂತು. ಪರ್ಜನ್ಯಜಪದ ಖರ್ಚು ಉಳಿಯಿತೆಂದು ನಮ್ಮವರು ಹೇಳಿಯಾರು.

ಒಳಗಿನ ಪರದೆಗಿಂತ ಹೊರಗಿನ ಮರೆ ಮೇಲೆಂಬುದನ್ನು ಇಲ್ಲಿ ಗಮನಿಸಬೇಕು. ಬಿಸಿಲು ಗಾಜನ್ನು ದಾಟಿದ ಮೇಲೆ ತಡೆದರೆ ಫಲ ಸ್ವಲ್ಪವೇ. ನಮ್ಮ ಪಡಸಾಲೆಯ ಹೊರಗೆ ಇಳಿಬಿಡುವ ಬಿದಿರಿನ ತಟ್ಟಿ ಬಿಸಿಲನ್ನು ಮನೆಯ ಹೊರಗೇ ನಿಲ್ಲಿಸುತ್ತದೆ. ನಮ್ಮಲ್ಲಿ ಅನೇಕರ ಹಿರಿಯರು ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದವರು. ಅಲ್ಲಿಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಗೋಡೆ ಮೊಳಕ್ಕೂ ದಪ್ಪ. ಹೊರಗಿನ ಕಾವು ಅದನ್ನು ಹಾಯ್ದು ಒಳಸೇರುವಷ್ಟರಲ್ಲಿ ಹೊತ್ತು ಮುಳುಗಿ, ಮನೆಯವರೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರಿರುತ್ತಾರೆ.

ಇಂಗ್ಲೆಂಡಿನ ಜನರು ನಮ್ಮ ಊರಿಗೇ ಬಂದು ನೆಲೆಸಿದಾಗ ಏನು ಮಾಡಿದರು? ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರಿನಿಂದ 1806ರಲ್ಲಿ ಸಿಕಂದರಾಬಾದಿನ ದಂಡುಪ್ರದೇಶಕ್ಕೆ ಹೆಸರಾಯಿತು. ಅದೇ ದಶಕದಲ್ಲಿ ರೆಸಿಡೆಂಟನಾದ ಕರ್ಕ್‌ಪ್ಯಾಟ್ರಿಕ್ಕನು ಕಟ್ಟಿಸಿದ ಭವ್ಯ ಭವನವು ಕೋಠಿಯ ಮಹಿಳಾ ವಿದ್ಯಾಲಯದ ಆವರಣದಲ್ಲಿದೆ. ಅದರ ಎತ್ತರವಾದ ಕಂಬಸಾಲನ್ನೂ ಚಾವಣಿಯನ್ನೂ ನೋಡಿದವರಿಗೆ ಆಂಗ್ಲರು ತಮ್ಮ ತಗ್ಗಿನ ಚಾವಣಿಯನ್ನು ಇಲ್ಲಿ ಮರೆತರೆಂಬುದು ತಿಳಿಯುವುದು. ಬಿಸಿಗಾಳಿ ಮೇಲಕ್ಕೇರುತ್ತದಲ್ಲವೆ? ಸಿರಿವಂತರ ಹೆಂಡಿರು ಮಕ್ಕಳು ಬೇಸಿಗೆಗೆ ಉದಕಮಂಡಲದಂತಹ ಗಿರಿಧಾಮಗಳಿಗೆ ಹೋಗುತ್ತಿದ್ದರು. ಉಳಿದವರಿಗೆ ಲಾವಂಚದ ತಟ್ಟಿಯೇ ಗತಿ.

ಈ ತಟ್ಟಿಯ ಗುಟ್ಟನ್ನು ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಒಂದು ಗ್ರಾಂ ನೀರು ಬೇಸಿಗೆಯ ಗಾಳಿಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಒದ್ದೆಯಾದ ಬೇರುಗಳ ಮೂಲಕ ಹಾಯುವ ಗಾಳಿಯು ಆ ಶಾಖವನ್ನು ತನ್ನಿಂದಲೇ ಕೊಟ್ಟು ತಾನು ತಣ್ಣಗಾಗುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ, ಬೆವರು ನಮ್ಮನ್ನು ಕಾಯುವುದೂ ಇದೇ ನಿಯಮದಿಂದ. ಗಾಳಿ ಒಣಗಿರಬೇಕು, ಅಷ್ಟೇ. ಮಂಗಳೂರಿನ ಕರಾವಳಿಯಲ್ಲಿ ಈ ತಟ್ಟಿ ಅಷ್ಟಾಗಿ ಉಪಯೋಗಕ್ಕೆ ಬಾರದು; ನಮ್ಮ ಮೇ ತಿಂಗಳ ಒಣಗಾಳಿಗೆ ಹೇಳಿ ಮಾಡಿಸಿದಂತಿದೆ.

ಆದರೆ ತಟ್ಟಿಗೆ ನೀರೆರೆಯಲು ತೊಗಲಚೀಲ ಹೊತ್ತ ಭಿಸ್ತಿಯೊಬ್ಬನು ಬೇಕು. ಚಾವಣಿಯಿಂದ ತೂಗುವ ಬಟ್ಟೆಯ ಪಂಖವನ್ನು ಎಳೆಯಲು ಇನ್ನೊಬ್ಬನು ಬೇಕು. ಹಗ್ಗವು ಗೋಡೆಯ ರಂಧ್ರದಿಂದ ಹೊರಬರುತ್ತಿತ್ತು. ಎಳೆಯುವವನು ಹೊರಗಿನ ಜಗಲಿಯಲ್ಲಿ, ಝಳದಲ್ಲಿ ಕುಳಿತಿರುತ್ತಿದ್ದನು. ಅವನು ಬೀಸಿದ ಗಾಳಿಯಲ್ಲಿ ಒಂದಿಷ್ಟೂ ಅವನಿಗೆ ತಗಲುತ್ತಿರಲಿಲ್ಲ. ಆಗಿನ ಬಂಗಲೆಗಳ ಸೊಗಸನ್ನು ವರ್ಣಿಸುವವರು ಈ ಮಾತನ್ನು ಬೇಗನೆ ದಾಟಿಬಿಡುವರು.

ಪಂಖವನ್ನು ತಾನೇ ನಿಲ್ಲಿಸಿದ ಒಬ್ಬ ಆಂಗ್ಲನ ಕಥೆ ನಮ್ಮ ಊರಿನದೇ. ಸೇನಾವೈದ್ಯ ರೊನಾಲ್ಡ್ ರಾಸ್ 1897ರ ಆಗಸ್ಟಿನಲ್ಲಿ ಬೇಗಂಪೇಟೆಯಲ್ಲಿ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಪಂಖ ಬೀಸಿದರೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುವುವೆಂದು ಅದನ್ನು ಎಳೆಯಗೊಡಲಿಲ್ಲ. ಬೆವರಿನಿಂದ ಯಂತ್ರದ ತಿರುಪುಗಳು ತುಕ್ಕು ಹಿಡಿದುವು. ಕಣ್ಣಿಗೂ ಕಿವಿಗೂ ನೊಣಗಳು ಮುತ್ತಿದುವು. ಆ ತಿಂಗಳ 20ರಂದು ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಜೀವಾಣು ಅವರಿಗೆ ಕಂಡಿತು. 1902ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆ ಕಟ್ಟಡವು ಇಂದಿಗೂ ಬೇಗಂಪೇಟೆಯಲ್ಲಿದೆ.

ಇಂದು ಪಂಖ ಎಳೆಯುವವನಿಲ್ಲ. ತಂಪು ಯಂತ್ರವು ಕೋಣೆಯ ಶಾಖವನ್ನು ಹೀರಿ, ತಾನು ಬಳಸಿದ ವಿದ್ಯುತ್ತಿನ ಕಾವನ್ನೂ ಸೇರಿಸಿ ಬೀದಿಗೆ ಚೆಲ್ಲುತ್ತದೆ. ಬೀದಿಯಲ್ಲಿ ಇರತಕ್ಕವರು ಯಾರು? ಹಣ್ಣಿನ ಗಾಡಿಯವನು, ಗಾರೆಯ ಕೆಲಸದವನು, ಕಾವಲುಗಾರ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರ, ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಬಹುಮಂದಿ ಬಿಸಿಲಿನಲ್ಲಿ ದುಡಿಯುವವರೂ ಮುದುಕರೂ ಆಗಿದ್ದರು. ಅತ್ತ ನಮ್ಮ ಹೊಸ ಕಟ್ಟಡಗಳು ಗಾಜಿನ ಗೋಡೆ ಹೊದ್ದು, ಇಂಗ್ಲೆಂಡಿನ ಮನೆಗಳು ಪಡುವ ಪಾಡನ್ನು ತಾವಾಗಿಯೇ ಬರಮಾಡಿಕೊಂಡಿವೆ.

ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿಯ ಚಾವಣಿಗಳಿಗಾಗಿ ತೆಲಂಗಾಣ ಸರ್ಕಾರವು 2023ರಲ್ಲಿ ಒಂದು ನೀತಿಯನ್ನು ಹೊರಡಿಸಿತು. 600 ಚದರ ಗಜಕ್ಕಿಂತ ಚಿಕ್ಕ ನಿವೇಶನದ ಮನೆಗಳಿಗೆ ಅದು ಕಡ್ಡಾಯವಲ್ಲ. ಕಡ್ಡಾಯವಲ್ಲದ್ದನ್ನು ಮಾಡಬಾರದೆಂದೇನೂ ಇಲ್ಲವಲ್ಲ! ನಮ್ಮ ವಠಾರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವುದು ಬಾಗಿಲ ಬಳಿಯ ಕಾವಲುಗಾರನ ತಗಡಿನ ಕೊಠಡಿ. ಅದಕ್ಕೆ ಸುಣ್ಣ ಬಳಿಯಲು ಒಂದು ಏಣಿ, ಒಂದು ಬಕೆಟ್ಟು, ಭಾನುವಾರದ ಒಂದು ಬೆಳಗು ಸಾಕು. ಬಳಿಯುವ ಮೊದಲೂ ಬಳಿದ ಮೇಲೂ ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಉಷ್ಣಮಾಪಕವನ್ನಿಟ್ಟು ಗುರುತು ಮಾಡಿಕೊಂಡ ವಿದ್ಯಾರ್ಥಿಗಳು ತಮ್ಮ ಲೆಕ್ಕವನ್ನು ಮುಂದಿನ ಸಂಚಿಕೆಗೆ ಕಳುಹಿಸಿಕೊಡಬಹುದು.