ಸಮುದಾಯ ಬಾನುಲಿ: ಅನುದಾನ ಎಷ್ಟು, ನಮ್ಮ ಹೊಣೆ ಎಷ್ಟು?



ಕಳೆದ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಹಾಕಿದರು. "ರೇಡಿಯೋ ಕೇಂದ್ರ ಹಾಕಲು ಸರ್ಕಾರ ಏಳೂವರೆ ಲಕ್ಷ ಕೊಡುತ್ತದಂತೆ. ನಮ್ಮದೇ ಒಂದು ಕೇಂದ್ರ ಯಾಕೆ ಬೇಡ?" ಕೊಳೆಗೆ ಮದ್ದು ಹೊಡೆಯಲು ಮಳೆ ಎಂದು ಬಿಡುವು ಕೊಡುತ್ತದೆ, ಹೂಮಳೆ ಯಾವ ಹೋಬಳಿಗೆ ಬಿತ್ತು, ಇಂದಿನ ಅಡಿಕೆ ಧಾರಣೆ ಏನು ಎಂಬುದನ್ನು ನಮ್ಮ ಊರಿನ ಮಾತಿನಲ್ಲಿ, ನಮ್ಮ ಊರಿನವರೇ ಹೇಳುವ ಕೇಂದ್ರ ಯಾರಿಗೆ ಬೇಡ? ಸಭೆಯಲ್ಲಿ ಚಪ್ಪಾಳೆ ಬಿತ್ತು. ಉತ್ತರ ಹುಡುಕುವ ಕೆಲಸ ಮಾತ್ರ ಈ ಪತ್ರಿಕೆಯ ಪಾಲಿಗೆ ಬಂತು.

ನಾವು ವಿಚಾರಿಸಿ ತಿಳಿದುದನ್ನು ಇಲ್ಲಿ ಇಟ್ಟಿದ್ದೇವೆ. ಓದಿ, ಮಹಾಸಭೆಗೆ ಬರುವ ಮುನ್ನ ಮನೆಯಲ್ಲಿ ಚರ್ಚಿಸಿ.

ಮೈಸೂರಿನ ಹಳೆಯ ಪಾಠ

ಸಂಘದ ಕೆಲಸಕ್ಕೆ ಮೈಸೂರಿಗೆ ಹೋದಾಗ ನಾವು ಉದಯಗಿರಿಯಲ್ಲಿ ಬಂಧುಗಳ ಮನೆಯಲ್ಲಿ ಇಳಿದುಕೊಳ್ಳುವುದು ರೂಢಿ. ಅಲ್ಲಿಂದ ಊರಿನ ಇನ್ನೊಂದು ಬದಿಯ ಯಾದವಗಿರಿಗೆ ಹೋದರೆ ಆಕಾಶವಾಣಿ ಕೇಂದ್ರ ಸಿಗುತ್ತದೆ. ಅದರ ಕತೆ ಶುರುವಾದದ್ದು ಸರ್ಕಾರಿ ಹಣದಿಂದಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ 30 ವ್ಯಾಟಿನ ಪುಟ್ಟ ಪ್ರೇಷಕ ಯಂತ್ರ ಇಟ್ಟು ಪ್ರಸಾರ ಆರಂಭಿಸಿದರು. ಕೇಂದ್ರದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು.

ಗೋಪಾಲಸ್ವಾಮಿಯವರು ಕೆಲವು ವರ್ಷ ಹೆಚ್ಚಾಗಿ ಸ್ವಂತ ಕೈಯಿಂದ ಹಣ ಹಾಕಿ ಅದನ್ನು ನಡೆಸಿದರು. ಆದರೆ ದಿನದಿನದ ಖರ್ಚು ಒಬ್ಬರ ಜೇಬಿಗೆ ಮೀರಿದ್ದು. 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ಜಾಲಕ್ಕೆ ಸೇರಿತು. ಯಂತ್ರ ಕೊಳ್ಳುವುದು ಒಂದು ದಿನದ ಮಾತು, ಅದನ್ನು ಪ್ರತಿದಿನ ಮಾತನಾಡಿಸುವುದು ಬೇರೆಯೇ ಮಾತು. ಮೊದಲ ಪಾಠ ಇದು.

ಕಾನೂನು ತೆರೆದ ಬಾಗಿಲು

ಬಹುಕಾಲ ಗಾಳಿಯಲ್ಲಿ ಮಾತನಾಡುವ ಹಕ್ಕು ಸರ್ಕಾರಕ್ಕೆ ಮಾತ್ರ ಇತ್ತು. 1995ರಲ್ಲಿ ಸುಪ್ರೀಂ ಕೋರ್ಟು, ರೇಡಿಯೋ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತು. ಆದರೂ ಜನರ ಸಂಘಸಂಸ್ಥೆಗಳಿಗೆ ಪರವಾನಗಿ ಸಿಗಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಷ್ಟು ದಿನ ಸುಮ್ಮನೆ ಕೂರಲಿಲ್ಲ. ಗಾಳಿಯಲ್ಲಿ ಬಿಡಲು ಅನುಮತಿ ಇಲ್ಲದ್ದರಿಂದ 2003ರಲ್ಲಿ 'ನಮ್ಮ ಧ್ವನಿ'ಯನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ಯುನೆಸ್ಕೋ ನೆರವು ಕೊಟ್ಟಿತು, ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಕೈಹಿಡಿದವು. ಬೆನ್ನಿಗೆ ನಿಂತವರು ಊರಿನ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು.

2006ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ನೀತಿ ತಂದಿತು. ಅದರಂತೆ ಲಾಭದ ಉದ್ದೇಶವಿಲ್ಲದ, ಕನಿಷ್ಠ ಮೂರು ವರ್ಷ ಸ್ಥಳೀಯ ಜನಸೇವೆ ಮಾಡಿದ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾಲಯಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಅರ್ಜಿ ಹಾಕಬಹುದು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭದ ಕಂಪನಿಗಳಿಗೆ ಅವಕಾಶವಿಲ್ಲ. ಸದಸ್ಯರಿಗೆ ಡಿವಿಡೆಂಡು ಹಂಚುವ ನಮ್ಮಂಥ ಸಂಘ ನೇರವಾಗಿ ಅರ್ಜಿ ಹಾಕುವುದಕ್ಕಿಂತ, ಒಂದು ಸೇವಾ ಟ್ರಸ್ಟಿನ ಅಥವಾ ಕೃಷಿ ವಿಜ್ಞಾನ ಕೇಂದ್ರದ ಜೊತೆ ಸೇರುವುದು ಲೇಸೆಂದು ನಮಗೆ ತೋರುತ್ತದೆ.

ನಮ್ಮ ಜಿಲ್ಲೆಗಳಿಗೆ ಹತ್ತಿರದ ಉದಾಹರಣೆ ಸರಗೂರಿನ 'ಜನಧ್ವನಿ'. ಅದನ್ನು 2012ರಲ್ಲಿ ಆರಂಭಿಸಿದ್ದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. 1984ರಲ್ಲಿ ಹುಟ್ಟಿದ ಆ ಸಂಸ್ಥೆ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಆಸ್ಪತ್ರೆ, ಶಾಲೆ ನಡೆಸಿ ಬೇರು ಬಿಟ್ಟಿತ್ತು. ಬಾನುಲಿ ಅಲ್ಲಿ ಹಳೆಯ ಮರಕ್ಕೆ ಬಂದ ಹೊಸ ಕೊಂಬೆ.

ಅನುದಾನದ ಲೆಕ್ಕ

ಈಗ ಏಳೂವರೆ ಲಕ್ಷದ ವಿಚಾರ. ಸಮುದಾಯ ಬಾನುಲಿಗೆ ನೆರವಾಗುವ ಕೇಂದ್ರದ ಯೋಜನೆಯಲ್ಲಿ ಮೊದಲು ಉಪಕರಣದ ಬೆಲೆಯ ಅರ್ಧದಷ್ಟು ಸಹಾಯಧನವಿತ್ತು. 2017ರಲ್ಲಿ ಅದನ್ನು ಈಶಾನ್ಯ ರಾಜ್ಯಗಳಿಗೆ ಶೇ. 90ಕ್ಕೆ, ಉಳಿದ ರಾಜ್ಯಗಳಿಗೆ ಶೇ. 75ಕ್ಕೆ ಏರಿಸಿದರು. ಮಿತಿ ಮಾತ್ರ 7.5 ಲಕ್ಷ ರೂಪಾಯಿ. ಈ ಲೆಕ್ಕದಲ್ಲಿ 10 ಲಕ್ಷದ ಉಪಕರಣ ತಂದರೆ ಎರಡೂವರೆ ಲಕ್ಷ ನಾವೇ ಹೂಡಬೇಕು. ಅರ್ಜಿ ಹಾಕುವವರು ಆ ದಿನ ಜಾರಿಯಲ್ಲಿರುವ ನಿಯಮವನ್ನೇ ತರಿಸಿ ನೋಡಬೇಕು.

ಈ ಹಣ ಉಪಕರಣಕ್ಕೆ. ದಿನನಿತ್ಯ ನಡೆಸುವ ಖರ್ಚು ನಮ್ಮದು: ತಂತ್ರಜ್ಞ ಒಬ್ಬ, ಕಾರ್ಯಕ್ರಮ ಮಾಡುವವರು ಇಬ್ಬರು, ಕರೆಂಟು, ಜನರೇಟರಿಗೆ ಡೀಸೆಲ್, ಓಡಾಟ, ತರಂಗದ ವಾರ್ಷಿಕ ಶುಲ್ಕ, ಸಿಡಿಲು ಬಡಿದರೆ ರಿಪೇರಿ. ಉದಾಹರಣೆಗೆ ಇದೆಲ್ಲ ತಿಂಗಳಿಗೆ 60,000 ರೂ. ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 7,20,000 ರೂ. ಆಯಿತು. ಎಂದರೆ ಒಮ್ಮೆ ಸಿಗುವ ಅನುದಾನದಷ್ಟು ಹಣವನ್ನು ಹೆಚ್ಚುಕಡಿಮೆ ಪ್ರತಿ ವರ್ಷವೂ ನಾವು ಹುಟ್ಟಿಸಬೇಕು. 800 ಸದಸ್ಯರು ಹಂಚಿಕೊಂಡರೆ ತಲೆಗೆ ವರ್ಷಕ್ಕೆ 900 ರೂ. ಬರುತ್ತದೆ.

ಜಾಹೀರಾತಿನಿಂದ ಬರುವುದಿಲ್ಲವೇ ಎಂದು ಕೇಳಬಹುದು. 2024ರ ಹೊಸ ನಿಯಮದಲ್ಲಿ ಗಂಟೆಗೆ 7 ನಿಮಿಷ ಇದ್ದ ಜಾಹೀರಾತನ್ನು 12 ನಿಮಿಷಕ್ಕೆ ಏರಿಸಿದ್ದಾರೆ. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂ. ಇದ್ದದ್ದು 74 ರೂ. ಆಗಿದೆ. ಕಾಗದದ ಮೇಲೆ ಗುಣಿಸಿದರೆ ಗಂಟೆಗೆ 5,328 ರೂ. ಕಾಣುತ್ತದೆ. ಆದರೆ ಹನ್ನೆರಡು ನಿಮಿಷವೂ ತುಂಬುವಷ್ಟು ಜಾಹೀರಾತು ಹಳ್ಳಿಯ ಕೇಂದ್ರಕ್ಕೆ ಬರುತ್ತದೆಂದು ನಂಬಿ ಆಯವ್ಯಯ ಬರೆಯುವುದು, ಹೂ ನೋಡಿ ಕಾಫಿ ಮಾರಿದಂತೆ.

ಗುಡ್ಡದ ಸಮಸ್ಯೆ

ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು. ಸಮುದಾಯ ಕೇಂದ್ರಕ್ಕೆ ಸಾಮಾನ್ಯವಾಗಿ ಸಿಗುವುದು 100 ವ್ಯಾಟ್ ಬಲ. ಬಯಲಲ್ಲಿ ಅದು ಹತ್ತು ಹದಿನೈದು ಕಿಲೋಮೀಟರ್ ಮುಟ್ಟುತ್ತದೆ. ಉದಯಗಿರಿಯ ಮನೆಯ ತಾರಸಿ ಮೇಲೆ ನಿಂತಾಗ ನಮಗೆ ಇದು ಹೊಳೆಯಿತು. ಸುತ್ತ ಒತ್ತೊತ್ತಾದ ಮನೆಗಳು, ಅಡ್ಡ ಬರುವ ಬೆಟ್ಟವೆಂದರೆ ದಕ್ಷಿಣಕ್ಕೆ ಚಾಮುಂಡಿ ಒಂದೇ. ಅಂಥ ಕಡೆ ಒಂದು ಕಂಬ ನೆಟ್ಟರೆ ಸಾವಿರಾರು ಮನೆಗೆ ದನಿ ಮುಟ್ಟೀತು. ನಮ್ಮ ತೋಟಗಳ ಕತೆ ಹಾಗಲ್ಲ. ಎಫ್.ಎಂ. ತರಂಗ ಹೆಚ್ಚುಕಡಿಮೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಆಚೆಯ ಕಣಿವೆಗೆ ಬರೀ ಗೊರಗೊರ. ವಂತಿಗೆ ಕೊಟ್ಟವನ ಮನೆಯಲ್ಲೇ ಕೇಳಿಸದಿದ್ದರೆ ಜಗಳ ಖಂಡಿತ. ಆದ್ದರಿಂದ ಜಾಗ ಯಾವುದು, ಯಾರ ಮನೆಗೆ ಮುಟ್ಟುತ್ತದೆ ಎಂಬುದನ್ನು ಅರ್ಜಿಗೆ ಮೊದಲೇ ಬಲ್ಲವರಿಂದ ಅಳೆಯಿಸಬೇಕು.

ವಂತಿಗೆಯ ಬಲ, ವಂತಿಗೆಯ ಅಪಾಯ

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ ತವರದ ಗಣಿ ಕಾರ್ಮಿಕರು 1940ರ ದಶಕದ ಕೊನೆಯಿಂದ ತಮ್ಮ ಕೂಲಿಯ ಒಂದು ಪಾಲು ಹಾಕಿ ತಮ್ಮದೇ ಬಾನುಲಿ ಕೇಂದ್ರಗಳನ್ನು ನಡೆಸಿದರು. ಅದು ದಶಕಗಟ್ಟಲೆ ಬಾಳಿತು. ಆದರೆ 1985ರಲ್ಲಿ ತವರದ ಬೆಲೆ ಕುಸಿಯಿತು, ಸರ್ಕಾರಿ ಗಣಿಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಕೂಲಿ ನಿಂತಿತು, ವಂತಿಗೆ ನಿಂತಿತು, ಎಷ್ಟೋ ಕೇಂದ್ರಗಳೂ ಮೌನವಾದವು.

ಧಾರಣೆ ಏರಿದಾಗ ನಗುವ, ಇಳಿದಾಗ ತಲೆಯ ಮೇಲೆ ಕೈಯಿಟ್ಟು ಕೂರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲೆ ಇರುವ ವರ್ಷ ಕಿಲೋಗೆ ಇಷ್ಟು ಪೈಸೆ ಎಂದು ತೆಗೆದಿಟ್ಟು, ಒಂದು ಇಡೀ ವರ್ಷದ ಖರ್ಚು ಠೇವಣಿಯಲ್ಲಿ ಇರುವಂತೆ ನೋಡಿಕೊಂಡರೆ ಮಾತ್ರ ಕೇಂದ್ರ ಕೆಟ್ಟ ವರ್ಷವನ್ನು ದಾಟೀತು.

ನಮ್ಮ ಸಲಹೆ

ಕೇಂದ್ರ ಬೇಡವೆಂದು ನಾವು ಹೇಳುತ್ತಿಲ್ಲ. ಬೇಕು. ಆದರೆ ಅನುದಾನ ಇದೆ ಎಂಬ ಕಾರಣಕ್ಕೆ ಬೇಡ. ಮಹಾಸಭೆಯಲ್ಲಿ ಮೂರು ಪ್ರಶ್ನೆಗೆ ಉತ್ತರ ಸಿಗಲಿ. ಅನುದಾನದ ಹೊರಗಿನ ಎರಡೂವರೆ ಲಕ್ಷ ಎಲ್ಲಿಂದ? ಎರಡನೆಯ ವರ್ಷದ ಖರ್ಚಿಗೆ ಯಾರ ಸಹಿ? ಪ್ರತಿದಿನ ಕೂತು ಕಾರ್ಯಕ್ರಮ ಮಾಡುವ ಹುಡುಗ ಹುಡುಗಿಯರು ಯಾರು?

ಅಲ್ಲಿಯವರೆಗೆ ಒಂದು ಚಿಕ್ಕ ಪ್ರಯೋಗ ಮಾಡಬಹುದು. ಈ ಮಳೆಗಾಲ ಮೂರು ತಿಂಗಳು, ವಾರಕ್ಕೆ ಅರ್ಧ ಗಂಟೆಯ ಒಂದು ಕಾರ್ಯಕ್ರಮವನ್ನು ನಮ್ಮ ಮಕ್ಕಳಿಂದಲೇ ಮೊಬೈಲಿನಲ್ಲಿ ಮುದ್ರಿಸಿ, ಸಂಘದ ಕಚೇರಿಯಲ್ಲಿ ಕೇಳಿಸಿ, ಸದಸ್ಯರ ಫೋನಿಗೆ ಕಳಿಸೋಣ. ಬೋರ್ಡೋ ದ್ರಾವಣ ಕದಡುವ ಅಳತೆಯಿಂದ ಹಿಡಿದು ಕೊನೆಗಾರರ ಕಷ್ಟದವರೆಗೆ ವಿಷಯಕ್ಕೆ ಬರವಿಲ್ಲ. ಹನ್ನೆರಡು ವಾರ ತಪ್ಪದೆ ನಡೆದರೆ ನಮಗೆ ಕೇಂದ್ರ ನಡೆಸುವ ಶಕ್ತಿ ಇದೆ ಎಂದು ತಿಳಿಯೋಣ, ಧೈರ್ಯವಾಗಿ ಅರ್ಜಿ ಬರೆಯೋಣ. ನಾಲ್ಕನೆಯ ವಾರಕ್ಕೇ ನಿಂತುಹೋದರೆ, ಹೋದದ್ದು ಬರೀ ನಾಲ್ಕು ವಾರ, ಸಂಘದ ಲಕ್ಷಗಳಲ್ಲ.

ಮುಂದೆ ಬರುವ ಯುವಕ ಯುವತಿಯರು ತಮ್ಮ ಹೆಸರನ್ನು ಸಂಘದ ಕಚೇರಿಯಲ್ಲಿ ಬರೆಸಬೇಕಾಗಿ ಕೋರುತ್ತೇವೆ.